ಟೇಪಿನ ಚೀನೀ, ಪುಸ್ತಕದ ಚೀನೀ

ಟೇಪು ‘ವೊ ಛ್ಯೂ ಪೇಯ್‌ಚಿಂಗ್’ ಎನ್ನುತ್ತದೆ. ನಾನು ಬೀಜಿಂಗಿಗೆ ಹೋಗುತ್ತೇನೆ ಎಂದರ್ಥ. ನೀವೂ ಹಾಗೇ ಹೇಳುತ್ತೀರಿ. ಮುಂದೆ ಬರುವುದು ಒಂದೇ ಪದ, ‘ಷಾಂಗ್‌ಹಾಯ್’. ಊರು ಬದಲಿಸಿ ಇಡೀ ವಾಕ್ಯ ಹೇಳಬೇಕು. ಆಮೇಲೆ ‘ಥಾ’ ಅಂದರೆ ಅವನು: ‘ಥಾ ಛ್ಯೂ ಷಾಂಗ್‌ಹಾಯ್’. ಈಗ ಹೋಗುವುದಿಲ್ಲ ಎನ್ನಿ: ‘ಥಾ ಪು ಛ್ಯೂ’. ಹೋಗುತ್ತಾನೋ ಇಲ್ಲವೋ ಕೇಳಿ: ‘ಥಾ ಛ್ಯೂ ಪು ಛ್ಯೂ?’ ಉತ್ತರಕ್ಕೆ ಸಿಗುವುದು ಕೆಲವೇ ಸೆಕೆಂಡು. ತಡವರಿಸಿದರೆ ಟೇಪು ಕಾಯುವುದಿಲ್ಲ, ಸರಿಯುತ್ತರ ತಾನೇ ಹೇಳಿ ಮುಂದಕ್ಕೆ ಹೋಗುತ್ತದೆ.

ಹಳೆಯ ಡ್ರಿಲ್ ಕೋರ್ಸುಗಳು ನಡೆಯುವುದೇ ಹೀಗೆ. ಚೀನೀ ಭಾಷೆಯ ಮಟ್ಟಿಗೆ ಇವುಗಳಲ್ಲಿ ದೊಡ್ಡ ಹೆಸರು ‘ಸ್ಟ್ಯಾಂಡರ್ಡ್ ಚೈನೀಸ್: ಎ ಮಾಡ್ಯುಲರ್ ಅಪ್ರೋಚ್’. ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಮತ್ತು ಸೇನೆಯ ಭಾಷಾಶಾಲೆ ಮುಂತಾದವು ಸೇರಿ 1970ರ ದಶಕದಲ್ಲಿ ಇದನ್ನು ರೂಪಿಸಿದವು. ಒಂದೊಂದು ಪಾಠಕ್ಕೂ ಕೇಳಿ ಅರ್ಥಮಾಡಿಕೊಳ್ಳಲು ಬೇರೆ ಟೇಪು, ಮಾತಾಡಲು ಬೇರೆ, ಡ್ರಿಲ್ಲಿಗೇ ಬೇರೆ. ಸರ್ಕಾರಿ ಕೃತಿಯಾದ್ದರಿಂದ ಹಕ್ಕುಸ್ವಾಮ್ಯವಿಲ್ಲ. ಪಠ್ಯವೂ ಧ್ವನಿಯೂ ಪುಕ್ಕಟೆ ಸಿಗುತ್ತವೆ, ಟೇಪಿನ ಸರಸರ ಸದ್ದಿನ ಸಮೇತ.

ಈ ಪದ್ಧತಿಯ ಬೇರು ಎರಡನೇ ಮಹಾಯುದ್ಧದ ಸೈನಿಕ ತರಬೇತಿಯಲ್ಲಿದೆ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮರುವರ್ಷವೇ ಅಮೆರಿಕ ಕಾನೂನು ಮಾಡಿ ವಿದೇಶಿ ಭಾಷೆಗಳ ಕಲಿಕೆಗೆ ಹಣ ಸುರಿಯಿತು, ಲ್ಯಾಂಗ್ವೇಜ್ ಲ್ಯಾಬುಗಳು ತುಂಬಿದವು. ಭಾಷೆ ಒಂದು ಅಭ್ಯಾಸಬಲ, ಮತ್ತೆ ಮತ್ತೆ ಹೇಳಿಸಿದರೆ ಬರುತ್ತದೆ ಎಂಬ ನಂಬಿಕೆ ಇದರ ಹಿಂದಿತ್ತು. ಆ ನಂಬಿಕೆಯ ಬುಡಕ್ಕೆ ಭಾಷಾವಿಜ್ಞಾನಿ ಚಾಮ್‌ಸ್ಕಿ 1959ರಲ್ಲೇ ಕೊಡಲಿ ಹಾಕಿದರು. ಸಿದ್ಧಾಂತ ಸೋತಿತು ನಿಜ, ಆದರೆ ಅದರ ಜತೆಗೆ ಒಂದು ಒಳ್ಳೆಯ ಉಪಕರಣವೂ ಮೂಲೆಗೆ ಬಿತ್ತು ಎಂಬುದು ನನ್ನ ತಕರಾರು.

ಆ ಜಾಗಕ್ಕೆ ಬಂದ ಪುಸ್ತಕಗಳು ನೋಡಲು ಚೆಂದ. 1997ರಲ್ಲಿ ಬಂದ ‘ಇಂಟಿಗ್ರೇಟೆಡ್ ಚೈನೀಸ್’ ಇರಲಿ, ಚೀನೀ ಕಲಿತವರ ಮಟ್ಟ ಅಳೆಯುವ ಎಚ್‌ಎಸ್‌ಕೆ ಪರೀಕ್ಷೆಗೆಂದೇ ಬರೆದ ‘ಎಚ್‌ಎಸ್‌ಕೆ ಸ್ಟ್ಯಾಂಡರ್ಡ್ ಕೋರ್ಸ್’ ಇರಲಿ, ಪಾಠದ ಅಚ್ಚು ಹೆಚ್ಚುಕಡಿಮೆ ಒಂದೇ: ಚೀನೀ ಲಿಪಿಯಲ್ಲಿ ಸಂಭಾಷಣೆ, ಪದಪಟ್ಟಿ, ವ್ಯಾಕರಣದ ಟಿಪ್ಪಣಿ, ಅಭ್ಯಾಸ. ಭಾಷೆ ಇಂದಿನದು, ಲಿಪಿ ಮೊದಲ ದಿನದಿಂದಲೇ ಇದೆ, ಬಣ್ಣದ ಚಿತ್ರಗಳಿವೆ. ಆದರೆ ಅಭ್ಯಾಸದ ಪುಟ ತೆರೆದರೆ ‘ಪಕ್ಕದವರೊಡನೆ ಮಾತಾಡಿ’ ಎಂದಿರುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಕಲಿಯುವವರಿಗೆ ಪಕ್ಕದವರು ಎಲ್ಲಿಂದ ಬರಬೇಕು? ಹೊಸ ಪುಸ್ತಕ ತರಗತಿಯನ್ನು ನಂಬಿಕೊಂಡಿದೆ. ಟೇಪಿನ ಡ್ರಿಲ್ಲಿನಲ್ಲಿ ಎದುರಿನವರ ಪಾತ್ರವನ್ನು ಟೇಪೇ ವಹಿಸುತ್ತದೆ. ಪರೀಕ್ಷೆಯೂ ಇಲ್ಲಿ ಕೈಹಿಡಿಯುವುದಿಲ್ಲ. 2010ರ ಎಚ್‌ಎಸ್‌ಕೆ ವ್ಯವಸ್ಥೆಯಲ್ಲಿ ಮೊದಲ ಹಂತಕ್ಕೆ 150 ಪದ, ಮೂರನೆಯದಕ್ಕೆ 600. ಮಾತಿನ ಪರೀಕ್ಷೆ ಎಚ್‌ಎಸ್‌ಕೆಕೆ ಎಂದು ಬೇರೆಯೇ ಇತ್ತು. ಹೀಗಾಗಿ ಬಾಯಿ ಬಿಡದೆಯೇ ಹಂತ ದಾಟಿದವರು ಬೇಕಾದಷ್ಟು ಸಿಗುತ್ತಾರೆ.

ಬಾಯಿಯ ಕೆಲಸ ಯಾಕಿಷ್ಟು ಮುಖ್ಯ? ಸ್ವರಗಳಿಂದಾಗಿ, ಅಂದರೆ ದನಿಯ ಏರಿಳಿತದಿಂದಾಗಿ. ಚೀನೀಯಲ್ಲಿ ನಾಲ್ಕು: ಮೇಲೇ ಸಮನಾಗಿ ನಿಲ್ಲುವುದು, ಏರುವುದು, ತಗ್ಗುವುದು, ಥಟ್ಟನೆ ಬೀಳುವುದು. ‘ಮಾಯ್’ ಮೂರನೇ ಸ್ವರದಲ್ಲಿದ್ದರೆ ಕೊಳ್ಳುವುದು, ನಾಲ್ಕನೆಯದರಲ್ಲಿ ಮಾರುವುದು. ಪುಸ್ತಕಗಳ ನಕ್ಷೆಯಲ್ಲಿ ಮೂರನೇ ಸ್ವರ ಕೆಳಗಿಳಿದು ಮತ್ತೆ ಮೇಲೇರುತ್ತದೆ. ಅದನ್ನು ಕಣ್ಣಲ್ಲಿ ಕಲಿತವರು ವಾಕ್ಯದ ಮಧ್ಯದಲ್ಲೂ ಕತ್ತು ಕೊಂಕಿಸಿ ಏರಿಸುತ್ತಾರೆ. ಓಡುವ ಮಾತಿನಲ್ಲಿ ಅದು ಬಹುಪಾಲು ತಗ್ಗಿಯೇ ಉಳಿಯುತ್ತದೆ. ಮೂರನೆಯ ಮುಂದೆ ಇನ್ನೊಂದು ಮೂರನೆಯದು ಬಂದರೆ ಮೊದಲನೆಯದು ಎರಡನೇ ಸ್ವರವಾಗುತ್ತದೆ. ‘ನೀ ಹಾವ್’ ಎಂಬ ನಮಸ್ಕಾರದಲ್ಲೇ ಹೀಗಾಗುತ್ತದೆ. ಮೇಲಿನ ‘ಥಾ ಪು ಛ್ಯೂ’ ವಾಕ್ಯದ ‘ಪು’ ಕೂಡ ಬೀಳುವ ಸ್ವರದ್ದು, ‘ಛ್ಯೂ’ ಬೀಳುವುದರಿಂದ ತಾನು ಏರುತ್ತದೆ. ಪುಸ್ತಕದಲ್ಲಿ ಇದಕ್ಕೆ ಎರಡು ಸಾಲಿನ ಟಿಪ್ಪಣಿ. ಓದಿದರೆ ಅರ್ಥವಾಗುತ್ತದೆ, ಮಾತಾಡುವಾಗ ನೆನಪಾಗುವಷ್ಟರಲ್ಲಿ ಎದುರಿನವರು ಹೊರಟಿರುತ್ತಾರೆ. ಡ್ರಿಲ್ಲಿನಲ್ಲಿ ನಿಯಮವನ್ನು ನೆನೆಯಲು ಪುರುಸೊತ್ತೇ ಇಲ್ಲ, ನಾಲಿಗೆ ತಾನೇ ಹೊಂದಿಕೊಳ್ಳುತ್ತದೆ. ಸಂಗೀತದಲ್ಲೂ ಹೀಗೆಯೇ: ಸರಳೆ ವರಸೆಯನ್ನು ಯಾರೂ ಕಚೇರಿಯಲ್ಲಿ ಹಾಡುವುದಿಲ್ಲ, ಹಾಗೆಂದು ಬಿಟ್ಟು ಕಲಿತವರೂ ಕಡಿಮೆ.

ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ, ಇಂಗ್ಲಿಷಿನಲ್ಲಿ ಬರೆದ ಪುಸ್ತಕಗಳು ಅದನ್ನು ಹಾಳುಮಾಡುತ್ತವೆ. ರೋಮನ್ ಲಿಪಿಯ ಪಿನ್‌ಯಿನ್‌ನಲ್ಲಿ ಬಿ, ಡಿ, ಜಿ ಅಕ್ಷರಗಳನ್ನು ನೋಡಿ ನಾವು ಬ, ದ, ಗ ಎಂದುಬಿಡುತ್ತೇವೆ. ಚೀನೀಯಲ್ಲಿ ಅವು ಪ, ತ, ಕ. ಪಿ, ಟಿ, ಕೆ ಎಂದರೆ ಫ, ಥ, ಖ. ಅಂದರೆ ಅಲ್ಪಪ್ರಾಣ, ಮಹಾಪ್ರಾಣದ ಭೇದ. ಈ ‘ಫ’ವನ್ನು ಫೋನಿನ ಫ ಅಂದುಕೊಳ್ಳಬೇಡಿ, ‘ಫಲ’ವನ್ನು ಮೇಷ್ಟರು ತಿದ್ದಿ ಹೇಳಿಸಿದ ಹಾಗೆ. ಅಂಗೈಯನ್ನು ತುಟಿಯ ಮುಂದೆ ಹಿಡಿದರೆ ಗಾಳಿ ತಾಕಬೇಕು. ಹಾಗೆಯೇ ಪಿನ್‌ಯಿನ್‌ನ ಎಕ್ಸ್ ಅಕ್ಷರ ಸುಮಾರಾಗಿ ನಮ್ಮ ಶ, ಎಸ್‌ಎಚ್ ನಮ್ಮ ಷ. ದಿನಬಳಕೆಯಲ್ಲಿ ಮಹಾಪ್ರಾಣವನ್ನೂ ಷಕಾರವನ್ನೂ ಕೈಬಿಟ್ಟವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರು ಮೊದಲು ಕನ್ನಡ ವರ್ಣಮಾಲೆಯನ್ನೇ ಗಟ್ಟಿಯಾಗಿ ಹೇಳಿಕೊಂಡರೆ ಒಳಿತು.

ಹಳೆಯದರಲ್ಲಿ ಹಳಸಿದ್ದೂ ಇದೆ. ಅಪರಿಚಿತರನ್ನು ‘ಕಾಮ್ರೇಡ್’ ಎನ್ನುವ ಆ ಕಾಲದ ಸಂಬೋಧನೆಯನ್ನು ಇಂದು ಅಂಗಡಿಯಲ್ಲಿ ಬಳಸಿದರೆ ವಿಚಿತ್ರವಾಗಿ ನೋಡುತ್ತಾರೆ. ಮೊಬೈಲ್ ಇಲ್ಲ, ಕ್ಯೂಆರ್ ಕೋಡ್ ಇಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಲಿಪಿ: ಕೋರ್ಸು ನಡೆಯುವುದು ಪಿನ್‌ಯಿನ್‌ನಲ್ಲಿ, ಅಕ್ಷರ ಬದಿಯ ವಿಷಯ. ಇದೊಂದನ್ನೇ ಹಿಡಿದು ಕೂತರೆ ಹೋಟೆಲಿನ ಮೆನು ಓದಲು ಬರುವುದಿಲ್ಲ.

ಆದ್ದರಿಂದ ಮೊದಲ ಒಂದೆರಡು ತಿಂಗಳು ಟೇಪು ಮುಂದಿರಲಿ. ಉಚ್ಚಾರಣೆಯ ಮಾಡ್ಯೂಲು, ‘ಓರಿಯಂಟೇಷನ್’ ಎಂಬ ಮೊದಲ ಮಾಡ್ಯೂಲು, ದಿನಕ್ಕೆ ಅರ್ಧ ಗಂಟೆ, ಪುಸ್ತಕ ಮುಚ್ಚಿಟ್ಟು. ಉತ್ತರ ಮನಸ್ಸಿನಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ, ಗಂಟಲು ತೆರೆಯಬೇಕು. ಪಾಠ ತಪ್ಪಿಲ್ಲದೆ ಆಗುವ ತನಕ ಅಲ್ಲೇ ಕೂರಬೇಡಿ. ಹತ್ತರಲ್ಲಿ ಎಂಟು ಉತ್ತರ ಟೇಪಿಗಿಂತ ಮೊದಲೇ ಬಂದರೆ ಮುಂದೆ ಹೋಗಿ.

ಆಮೇಲೆ ಹೊಸ ಪುಸ್ತಕಕ್ಕೆ ಬಂದು, ಅದರ ವಾಕ್ಯಗಳನ್ನೇ ಡ್ರಿಲ್ ಮಾಡಿಕೊಳ್ಳಿ. ಎಣಿಕೆಯ ಪದಗಳಿಗೆ ಇದು ತುಂಬ ಹೊಂದುತ್ತದೆ. ಚೀನೀಯಲ್ಲಿ ಸಂಖ್ಯೆಯ ಜತೆ ಬರುವ ಎಣಿಕೆಯ ಪದ ವಸ್ತುವಿಗೆ ತಕ್ಕಂತೆ ಬದಲಾಗುತ್ತದೆ. ಎರಡು ಪುಸ್ತಕ, ಆದರೆ ಇಬ್ಬರು ಹುಡುಗರು ಎನ್ನುವ ನಮಗೆ ಇದು ತೀರಾ ಹೊಸದೇನಲ್ಲ, ಅವರಲ್ಲಿ ಬಗೆಗಳು ಹೆಚ್ಚು ಅಷ್ಟೆ. ಫೋನಿನ ರೆಕಾರ್ಡರಿನಲ್ಲಿ ಕನ್ನಡದಲ್ಲೇ ‘ಪುಸ್ತಕ’ ಎಂದು ಹೇಳಿ ನಾಲ್ಕು ಸೆಕೆಂಡು ಬಿಡಿ, ‘ಕಾಗದ’ ಎಂದು ಹೇಳಿ ಬಿಡಿ, ‘ಪ್ಯಾಂಟು’, ‘ಕಾರು’. ಮಾರನೇ ದಿನ ಅದನ್ನು ಹಾಕಿಕೊಂಡು ಉತ್ತರಿಸಿ: ‘ಯಿ ಪೆನ್ ಷು’, ‘ಯಿ ಚಾಂಗ್ ಚಿ’, ‘ಯಿ ಥ್ಯಾವ್ ಖೂತ್ಸ’, ‘ಯಿ ಲ್ಯಾಂಗ್ ಛ’. ಒಂದು ಎಂಬರ್ಥದ ‘ಯಿ’ ಮೊದಲ ಮೂರರಲ್ಲಿ ಬೀಳಬೇಕು, ಕಾರಿನ ಹತ್ತಿರ ಏರಬೇಕು. ಅಲ್ಲಿ ತಪ್ಪಿದರೆ ಕಾರನ್ನು ಇನ್ನೂ ಎರಡು ಕಡೆ ಸೇರಿಸಿ ಹೊಸದಾಗಿ ರೆಕಾರ್ಡ್ ಮಾಡಿ.