ಕೆಳಮೈಯ ಬಣ್ಣ ಆಕಾಶಕ್ಕೆ, ಮೇಲ್ಮೈಯ ಬಣ್ಣ ಹೊಲಕ್ಕೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದ ರೆಕ್ಕೆಯುಳ್ಳ ನೌಕೆಯೊಂದು ಎಂಜಿನ್ ಬಲವಿಲ್ಲದೆ ತೇಲಿ ಬಂದು ಇಳಿಯಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತ್ತು; ಉಳಿದದ್ದನ್ನೆಲ್ಲ ನೌಕೆಯೇ ನೋಡಿಕೊಂಡಿತು. 2024ರ ಮಾರ್ಚ್ 22 ಮತ್ತು ಜೂನ್ 23ರಂದು 'ಪುಷ್ಪಕ್' ಹೆಸರಿನಲ್ಲಿ ಇನ್ನೆರಡು ಬಾರಿ ಅದೇ ಪ್ರಯೋಗ ನಡೆಯಿತು. ಕೊನೆಯ ಸಲವಂತೂ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರೂ ತಿದ್ದಿಕೊಂಡು ಸರಿದಾರಿಗೆ ಬಂತು. ತಾನು ಎತ್ತ ವಾಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ಅರಿಯಲು ಅದರೊಳಗೇ ಸಂವೇದಕಗಳಿವೆ, ಹೊರಗಿನವರ ಕಣ್ಣು ಬೇಕಿಲ್ಲ. ಬಾಲ್ಸಾ ಕಡ್ಡಿಗಳ ಚೌಕಟ್ಟಿಗೆ ರೇಷ್ಮೆಯನ್ನೋ ತೆಳು ಪಾಲಿಯೆಸ್ಟರ್ ಬಟ್ಟೆಯನ್ನೋ ಹೊದಿಸಿ ಹುಡುಗರು ಕಟ್ಟುವ ಮಾದರಿ ಗ್ಲೈಡರ್‌ಗೆ ಆ ಭಾಗ್ಯವಿಲ್ಲ. ಅದಕ್ಕಿರುವುದು ನೆಲದ ಮೇಲೆ ನಿಂತವರ ಕಣ್ಣು ಮಾತ್ರ. ಅದರ ಮೇಲೆ ಬಳಿಯುವ ಬಣ್ಣದ ಪಟ್ಟಿಯನ್ನು ಅಲಂಕಾರ ಎಂದುಕೊಳ್ಳುವುದೇ ತಪ್ಪು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಅದು ಹಾರಾಟದ ಸಾಮಗ್ರಿ. ಎಲ್ಲಿ ಬಳಿಯಬೇಕು, ಎಷ್ಟು ಬಳಿಯಬೇಕು ಎನ್ನುವುದನ್ನು ರುಚಿಗಿಂತ ಮೊದಲು ಕಣ್ಣು ಮತ್ತು ತಕ್ಕಡಿ ತೀರ್ಮಾನಿಸಬೇಕು.

ರೇಡಿಯೊದಿಂದ ನಡೆಸುವ ಗ್ಲೈಡರ್ ದೂರ ಹೋದಂತೆ ಅದರ ಬಣ್ಣಗಳು ಒಂದೊಂದಾಗಿ ಸಾಯುತ್ತವೆ. ಬೆಳ್ಳಗಿನ ಆಕಾಶದ ಎದುರು ಕೆಂಪು, ಹಸಿರು, ನೇರಳೆ ಎಲ್ಲವೂ ಒಂದೇ ಕಪ್ಪು ಆಕೃತಿಯಾಗುತ್ತವೆ. ಆಗ ಅದು ನಮ್ಮ ಕಡೆಗೆ ಬರುತ್ತಿದೆಯೋ ಆಚೆ ಹೋಗುತ್ತಿದೆಯೋ, ಎಡಕ್ಕೆ ವಾಲಿದೆಯೋ ಬಲಕ್ಕೋ ಎಂಬುದೇ ತಿಳಿಯದು. ತಪ್ಪು ತಿಳಿದರೆ ಕೈ ತಪ್ಪು ಕಡೆಗೆ ತಿರುಗಿಸುತ್ತದೆ, ಗ್ಲೈಡರ್ ನೆಲಕ್ಕೆ ಬೀಳುತ್ತದೆ. ಅಷ್ಟು ದೂರದಲ್ಲೂ ಉಳಿಯುವುದು ಬೆಳಕು–ಕತ್ತಲಿನ ವ್ಯತ್ಯಾಸ ಒಂದೇ. ಇಲ್ಲಿ ಬಟ್ಟೆಯ ಹೊದಿಕೆಗೆ ಒಂದು ಅನುಕೂಲವಿದೆ: ಬಣ್ಣವಿಲ್ಲದ ಕಡೆ ಅದು ಬಿಸಿಲನ್ನು ಒಳಕ್ಕೆ ಬಿಟ್ಟುಕೊಂಡು ಹೊಳೆಯುತ್ತದೆ, ಒಳಗಿನ ಪಕ್ಕೆಲುಬುಗಳೂ ಕಾಣುತ್ತವೆ. ಅದರ ಕೆಳಮೈಗೆ ಬೆಳಕು ದಾಟದಂಥ ಕಡುನೀಲಿ ಅಥವಾ ಕಪ್ಪು ಪಟ್ಟಿ ಅಡ್ಡಲಾಗಿ ಬಿದ್ದರೆ ಹೊಳಪಿನ ನಡುವೆ ಅದು ಎದ್ದು ಕಾಣುತ್ತದೆ. ಬೆರಳಗಲದ ನಾಜೂಕು ಗೆರೆ ಮೇಜಿನ ಮೇಲೆ ಚೆಂದ, ಮೇಲೆ ಹೋದರೆ ಇಲ್ಲವೇ ಇಲ್ಲ. ಅಂಗೈ ಅಗಲದ ಒಂದೇ ಪಟ್ಟಿ ಸಾಕು, ಅದೂ ಎರಡೂ ರೆಕ್ಕೆಗೆ ಒಂದೇ ಥರ ಇರದಿದ್ದರೆ ಇನ್ನೂ ಒಳ್ಳೆಯದು.

ಮೇಲ್ಮೈಯ ಲೆಕ್ಕವೇ ಬೇರೆ, ಯಾಕೆಂದರೆ ಅದನ್ನು ಹುಡುಕಬೇಕಾದ್ದು ಹೊಲದಲ್ಲಿ. ಅಂತರರಾಷ್ಟ್ರೀಯ ಸ್ಪರ್ಧೆಗಳ ಎಫ್‌1ಎ ವರ್ಗದ ಗ್ಲೈಡರ್ ಕನಿಷ್ಠ 410 ಗ್ರಾಂ ತೂಗುತ್ತದೆ. 50 ಮೀಟರ್ ದಾರದಲ್ಲಿ ಅದನ್ನು ಎಳೆದು ಮೇಲೇರಿಸಿ ಬಿಡುತ್ತಾರೆ, ಆಮೇಲೆ ಅದನ್ನು ತಿರುಗಿಸುವ ಕೈಯಿಲ್ಲ. ಸೆಕೆಂಡಿಗೆ ಐದು ಮೀಟರ್ ಗಾಳಿಯಲ್ಲಿ ಮೂರು ನಿಮಿಷ ತೇಲಿದರೆ 900 ಮೀಟರ್ ಆಚೆ ಹೋಗಿರುತ್ತದೆ. ಗುಡ್ಡಗುಡ್ಡದ ಮೇಲೂ ಗಾಳಿಯಂತ್ರ ನಿಂತಿರುವ ದುರ್ಗದ ಸೀಮೆಯಲ್ಲಿ ಆಷಾಢದ ಗಾಳಿ ಇದಕ್ಕಿಂತ ಜೋರಾಗಿಯೇ ಬೀಸುತ್ತದೆ. ಹೀಗೆ ಇಳಿದ ಗ್ಲೈಡರ್ ಸಾಮಾನ್ಯವಾಗಿ ಮೇಲ್ಮೈ ತೋರಿಸಿಕೊಂಡೇ ಬಿದ್ದಿರುತ್ತದೆ. ಚಿತ್ರದುರ್ಗದ ಸುತ್ತಲಿನ ಕೆಮ್ಮಣ್ಣಿನಲ್ಲಿ ಕೆಂಪು ಪಟ್ಟಿ ಮಣ್ಣಿನಲ್ಲಿ ಮಣ್ಣಾಗುತ್ತದೆ. ಅಲ್ಲಿ ತಿಳಿನೀಲಿಯೋ ಬಿಳಿಯೋ ಬೇಕು. ಹಿರಿಯೂರು ಕಡೆಯ ಎರೆಹೊಲದಲ್ಲಿ, ಹೊಸದುರ್ಗ–ಹೊಳಲ್ಕೆರೆಯ ತೆಂಗು ಅಡಿಕೆ ತೋಟಗಳ ಬುಡದಲ್ಲಿ ಕಿತ್ತಳೆ ದೂರದಿಂದಲೇ ಕರೆಯುತ್ತದೆ. ಆಳೆತ್ತರದ ಮೆಕ್ಕೆಜೋಳದೊಳಗೆ ಇಳಿದರೆ ಮಾತ್ರ ಯಾವ ಬಣ್ಣವೂ ಹೆಚ್ಚೇನೂ ಮಾಡಲಾರದು. ಪಾಶ್ಚಾತ್ಯ ನಕ್ಷೆಯ ಜತೆಗೆ ಬರುವ ಬಣ್ಣದ ಯೋಜನೆ ಅಲ್ಲಿನ ಹಸಿರು ಹುಲ್ಲುಗಾವಲಿಗೆ ಹೊಂದಿದ್ದು, ಅದನ್ನು ಹಾಗೆಯೇ ಇಲ್ಲಿಗೆ ತರಬಾರದು.

ಇನ್ನು ತೂಕ. ಬಟ್ಟೆಗೆ ಬಳಿಯುವ ಡೋಪ್ ಎಂಬ ಲೇಪ ಒಣಗುತ್ತ ಅದನ್ನು ಬಿಗಿಗೊಳಿಸುತ್ತದೆ, ಎಳೆಗಳ ನಡುವಿನ ಸಂದು ಮುಚ್ಚುತ್ತದೆ; ಅದು ಬೇಕೇ ಬೇಕು. ಅದರ ಮೇಲಿನ ಬಣ್ಣ ಮಾತ್ರ ಹೊರೆ. ಬಾಲದಲ್ಲಿ ಆ ಹೊರೆಯ ಬೆಲೆ ಎಷ್ಟೋ ಪಟ್ಟು. ತೂಕದ ಕೇಂದ್ರದಿಂದ ಬಾಲ 60 ಸೆಂಟಿಮೀಟರ್ ದೂರವಿದ್ದು ಮೂತಿ 15 ಸೆಂಟಿಮೀಟರ್ ಇದ್ದರೆ, ಬಾಲಕ್ಕೆ ಬಳಿದ ಒಂದು ಗ್ರಾಂ ಬಣ್ಣಕ್ಕೆ ಮೂತಿಯಲ್ಲಿ ನಾಲ್ಕು ಗ್ರಾಂ ಸೀಸ ಇಡಬೇಕು. ಒಂದು ಗ್ರಾಂ ಚೆಂದಕ್ಕೆ ಒಟ್ಟು ಐದು ಗ್ರಾಂ. ಹಾಗಾಗಿ ಪಟ್ಟಿ ಬೇಕಿದ್ದರೆ ರೆಕ್ಕೆಯ ಮೇಲಿರಲಿ, ಬಾಲ ಬರಿದಾಗಿರಲಿ. ಬಣ್ಣದ ಆಯ್ಕೆಯಲ್ಲೂ ತೂಕವಿದೆ. ಕಡುಬಣ್ಣ ತಿಳಿ ಬಟ್ಟೆಯ ಮೇಲೆ ಒಂದೇ ತೆಳು ಲೇಪದಲ್ಲಿ ಕೂರುತ್ತದೆ, ಹಳದಿ ಮತ್ತು ಬಿಳಿ ಮೂರು ನಾಲ್ಕು ಲೇಪ ಕೇಳುತ್ತವೆ. ದೊಡ್ಡ ವಿಮಾನಗಳಲ್ಲೂ ಈ ಲೆಕ್ಕ ತಪ್ಪಿದ್ದಲ್ಲ: ಚುಕ್ಕಾಣಿಯಂಥ ಚಲಿಸುವ ಭಾಗಗಳಿಗೆ ಮತ್ತೆ ಬಣ್ಣ ಬಳಿದರೆ ಅವುಗಳ ಸಮತೋಲನವನ್ನು ಮತ್ತೆ ಪರೀಕ್ಷಿಸಬೇಕು, ಇಲ್ಲದಿದ್ದರೆ ವೇಗದಲ್ಲಿ ಅವು ಅದುರಿ ಕಿತ್ತುಹೋಗಬಹುದು.

ಕೆಲಸ ಕೆಡುವುದು ಹೆಚ್ಚಾಗಿ ಪಟ್ಟಿಯ ಅಂಚಿನಲ್ಲಿ. ಮರದ ಮೇಲೆ ಮಾಸ್ಕಿಂಗ್ ಟೇಪ್ ಒತ್ತಿದರೆ ಕೂರುತ್ತದೆ. ಬಟ್ಟೆಯ ಮೇಲೆ ಎಳೆಗಳ ನಡುವಿನ ತಗ್ಗುಗಳ ಮೂಲಕ ಬಣ್ಣ ಟೇಪಿನಡಿಗೆ ನುಸುಳಿ ಅಂಚು ಗರಗಸದ ಹಲ್ಲಿನಂತಾಗುತ್ತದೆ. ಇದಕ್ಕೆ ಬಲ್ಲವರ ಉಪಾಯ ಸರಳ. ಟೇಪ್ ಅಂಟಿಸಿ, ಅದರ ಅಂಚಿಗೆ ಮೊದಲು ಬಣ್ಣವಿಲ್ಲದ ಡೋಪ್ ಒಂದು ಕೈ ಬಳಿದು ಒಣಗಿಸುವುದು. ನುಸುಳುವುದಿದ್ದರೆ ಅದೇ ನುಸುಳಿ ತಗ್ಗು ಮುಚ್ಚುತ್ತದೆ, ಕಾಣಿಸುವುದೂ ಇಲ್ಲ. ಆಮೇಲೆ ಬಣ್ಣ; ಅದು ಪೂರ್ತಿ ಗಟ್ಟಿಯಾಗುವ ಮುನ್ನ ಟೇಪನ್ನು ಅದರ ಮೇಲೇ ಮಡಚಿ ನಿಧಾನವಾಗಿ ಎಳೆಯುವುದು. ನೇರ ಮೇಲಕ್ಕೆ ಕಿತ್ತರೆ ಒಣಗಿದ ಡೋಪೂ ಎದ್ದು ಬರುತ್ತದೆ.

ಇಷ್ಟೆಲ್ಲ ತಾಪತ್ರಯ ಯಾಕೆ, ಇಸ್ತ್ರಿ ಶಾಖಕ್ಕೆ ಅಂಟುವ ಬಣ್ಣದ ಪ್ಲಾಸ್ಟಿಕ್ ಹಾಳೆ ಸಿಗುತ್ತದಲ್ಲ ಎನ್ನುವವರಿದ್ದಾರೆ. ಅದರಿಂದ ಸಮಯ ಉಳಿಯುವುದು ನಿಜ. ಆದರೆ ಬಟ್ಟೆ ಮತ್ತು ಡೋಪ್ ತೆಳು ಚೌಕಟ್ಟಿಗೆ ಕೊಡುವ ತಿರುಚದ ಬಿಗಿ ಆ ಹಾಳೆಯಿಂದ ಬರುವುದಿಲ್ಲ, ಮುಳ್ಳುಕಂಟಿಗೆ ತಾಗಿದರೆ ಅದು ಬೇಗ ಸೀಳುತ್ತದೆ. ದುರ್ಗದ ಬಯಲಲ್ಲಿ ಜಾಲಿಗೆ ಬರವಿಲ್ಲ. ಹುಡುಗರಿಗೆ ಚೆಂದವೂ ಬೇಕು, ಲೆಕ್ಕವನ್ನಷ್ಟೇ ಹೇಳಿದರೆ ಅವರು ಕಟ್ಟುವುದನ್ನೇ ಬಿಡುತ್ತಾರೆ ಎಂಬುದು ಇನ್ನೊಂದು ಮಾತು, ಇದು ಹೆಚ್ಚು ತೂಕದ್ದು. ಎನ್‌ಸಿಸಿ ವಾಯುದಳದ ತರಬೇತಿಯಲ್ಲಿ ಮಾದರಿ ವಿಮಾನ ನಿರ್ಮಾಣ ಒಂದು ಪಾಠ. ಅಲ್ಲಿ ಬಣ್ಣ ಹಚ್ಚುವ ಹೊತ್ತೇ ಮಕ್ಕಳಿಗೆ ಹಬ್ಬ. ಆ ಹಬ್ಬವನ್ನು ಕಸಿಯಬೇಕಿಲ್ಲ. ಪಟ್ಟಿಯ ಆಕಾರ, ಓರೆ, ಅಂಚಿನ ಬಾಗು ಅವರ ಇಷ್ಟಕ್ಕೇ ಇರಲಿ. ಬಳಿಯುವ ಮುಂಚೆ ಒಮ್ಮೆ, ಒಣಗಿದ ಮೇಲೆ ಒಮ್ಮೆ ಗ್ಲೈಡರನ್ನು ತಕ್ಕಡಿಯಲ್ಲಿ ಇಡಿಸಿ, ವ್ಯತ್ಯಾಸವನ್ನು ರೆಕ್ಕೆಯ ಬುಡದಲ್ಲಿ ಪೆನ್ಸಿಲ್‌ನಿಂದ ಬರೆಸಿದರೆ ಸಾಕು. ಮುಂದಿನ ಸಲ ಬ್ರಷ್ಷನ್ನು ಎಷ್ಟು ಅದ್ದಬೇಕೆಂದು ಅವರೇ ತೀರ್ಮಾನಿಸುತ್ತಾರೆ.

ಗಾಳಿಗೆ ಆಷಾಢ ಒಳ್ಳೆಯದು, ಬಣ್ಣಕ್ಕೆ ಅಲ್ಲ. ಡೋಪಿನ ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಪಟ್ಟಿ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಫೆಬ್ರುವರಿ–ಮಾರ್ಚ್‌ನ ಒಣಹವೆಯಲ್ಲಿ, ಬೆಂಕಿಯಿಂದ ದೂರ, ಕಿಟಕಿ ತೆರೆದ ಕೋಣೆಯಲ್ಲಿ ಈ ಕೆಲಸ ಮುಗಿಸಿಟ್ಟುಕೊಂಡರೆ ಗಾಳಿ ಏಳುವ ಹೊತ್ತಿಗೆ ಗ್ಲೈಡರ್ ಸಿದ್ಧವಾಗಿರುತ್ತದೆ.