ಮೈಕೊರೈಜಾ: ಒಂದು ಸಮಾಸದ ಒಳಗೆ

ಕೆಲವು ಪಾರಿಭಾಷಿಕ ಪದಗಳನ್ನು ಬಿಡಿಸಿ ನೋಡಿದರೆ ಅವುಗಳಲ್ಲಿ ಒಂದು ವಾದವೇ ಅಡಗಿರುವುದು ಕಾಣುತ್ತದೆ. ಸಸ್ಯವಿಜ್ಞಾನದ ‘ಮೈಕೊರೈಜಾ’ ಅಂಥ ಪದ. ಗ್ರೀಕಿನಲ್ಲಿ ‘ಮುಕೇಸ್’ ಎಂದರೆ ಅಣಬೆ, ‘ರಿಜಾ’ ಎಂದರೆ ಬೇರು. ಎರಡೂ ಕೂಡುವಾಗ, ಸ್ವರದ ಅನಂತರ ಬಂದ ರಕಾರ ಇಮ್ಮಡಿಸುವುದು ಗ್ರೀಕ್ ವ್ಯಾಕರಣದ ನಿಯಮ. ದ್ವಿತ್ವವನ್ನು ಬಲ್ಲ ನಮಗೆ ಇದು ತೀರ ಅಪರಿಚಿತವೆನಿಸದು.

ಮುಕೇಸ್ ಬಹು ಹಳೆಯ ಮಾತು. ಕ್ರಿಸ್ತಶಕ 2ನೆಯ ಶತಮಾನದ ಪ್ರವಾಸಿ ಪಾಸೇನಿಯಸ್ ಒಂದು ಐತಿಹ್ಯವನ್ನು ಹೇಳುತ್ತಾನೆ: ಬಾಯಾರಿದ ವೀರ ಪರ್ಸಿಯಸ್ ನೆಲದಿಂದ ಅಣಬೆಯೊಂದನ್ನು ಕೀಳಲು ನೀರು ಹರಿಯಿತಂತೆ, ಅದನ್ನು ಕುಡಿದು ತಣಿದು ಆ ಎಡೆಗೆ ಮೈಸೀನಿ ಎಂದು ಹೆಸರಿಟ್ಟನಂತೆ. ಇತ್ತ ಕಾಳಿದಾಸನ ಮೇಘದೂತದಲ್ಲಿಯೂ ಗುಡುಗಿನ ದನಿಗೆ ನೆಲದಿಂದ ಶಿಲೀಂಧ್ರಗಳು ಏಳುವ ಮಾತುಂಟು. ಹಿಂದಿನವರ ಕಣ್ಣಿಗೆ ಬಿದ್ದದ್ದು ಮೇಲಿನ ಕೊಡೆ. ಅಣಬೆಯ ನಿಜವಾದ ಒಡಲಾದರೋ ಮಣ್ಣೊಳಗೆ ಹರಡಿದ ನವಿರಾದ ಎಳೆಗಳ ಜಾಲ.

ಆ ಜಾಲವನ್ನು ಬೇರಿನೊಡನೆ ಬೆಸೆದು 1885ರಲ್ಲಿ ಈ ಪದವನ್ನು ಟಂಕಿಸಿದವನು ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್. ಪ್ರಷ್ಯದ ಸರಕಾರ ಆತನಿಗೆ ವಹಿಸಿದ್ದ ಕೆಲಸ ಬೇರೆಯೇ: ನೆಲದಡಿ ಬೆಳೆಯುವ ಟ್ರಫಲ್ ಎಂಬ ರುಚಿಕರವಾದ ಶಿಲೀಂಧ್ರವನ್ನು ಕೃಷಿ ಮಾಡಬಹುದೇ ಎಂಬ ಪರಿಶೋಧನೆ. ಅಗೆದು ನೋಡಿದರೆ ಓಕ್, ಬೀಚ್ ಮರಗಳ ಎಳೆಬೇರುಗಳನ್ನು ಶಿಲೀಂಧ್ರದ ಎಳೆಗಳು ಕವಚದಂತೆ ಹೊದ್ದಿದ್ದವು. ಸೊಂಪಾಗಿ ಬೆಳೆದ ಮರಗಳಲ್ಲಿಯೂ ಹಾಗೆಯೇ.

ಶಿಲೀಂಧ್ರವೆಂದರೆ ಕಾಡಿಗೆರೋಗ, ತುಕ್ಕುರೋಗ ತರುವ ಕಳ್ಳನೆಂದು ಭಾವಿಸಿದ್ದ ಕಾಲವದು. ಫ್ರಾಂಕ್ ಅದನ್ನು ಮರದ ದಾದಿ ಎಂದು ಕರೆದ. ಹಲವು ವಿದ್ವಾಂಸರು ಒಪ್ಪಲಿಲ್ಲ. ಆತ ಪೈನ್ ಸಸಿಗಳನ್ನು ಬೆಳೆಸಿ ತೋರಿಸಿದ: ಕಾಯಿಸಿ ಶಿಲೀಂಧ್ರವನ್ನು ಕೊಂದ ಮಣ್ಣಿನಲ್ಲಿ ಅವು ಸೊರಗಿದವು, ಕಾಯಿಸದ ಮಣ್ಣಿನಲ್ಲಿ ನಳನಳಿಸಿದವು. ಬೇರು ನುಗ್ಗಲಾರದ ಸಂದಿಗಳಿಂದ ಎಳೆಗಳು ರಂಜಕವನ್ನೂ ನೀರನ್ನೂ ತಂದುಕೊಡುತ್ತವೆ, ಮರ ಪ್ರತಿಯಾಗಿ ಸಕ್ಕರೆಯನ್ನು ಕೊಡುತ್ತದೆ ಎಂಬುದು ಇಂದು ಸಿದ್ಧವಾದ ಸಂಗತಿ. ನೆಲದ ಸಸ್ಯಗಳಲ್ಲಿ ಬಹುಪಾಲು ಈ ಕೊಡುಕೊಳೆಯಲ್ಲಿವೆ. ಸ್ಕಾಟ್ಲೆಂಡಿನ ರೈನಿಯಲ್ಲಿ ದೊರೆತ ಸುಮಾರು 40 ಕೋಟಿ ವರ್ಷ ಹಿಂದಿನ ಸಸ್ಯಗಳ ಪಳೆಯುಳಿಕೆಗಳಲ್ಲಿಯೂ ಇಂಥ ಶಿಲೀಂಧ್ರದ ಗುರುತುಗಳಿವೆ.

ಈ ಸಮಾಸವನ್ನು ವಿಗ್ರಹಿಸುವುದು ಹೇಗೆ? ‘ಅಣಬೆಯ ಬೇರು’ ಎಂದು ತತ್ಪುರುಷ ಮಾಡಿದರೆ ಅರ್ಥ ಕೆಡುತ್ತದೆ. ಅಣಬೆಗೆ ಬೇರೇ ಇಲ್ಲ. ‘ಅಣಬೆಯೂ ಬೇರೂ’ ಎಂದು ದ್ವಂದ್ವವಾಗಿ ಬಿಡಿಸಬೇಕು. ಅದರಲ್ಲಿಯೂ ಎರಡು ಕೂಡಿ ಏಕವಚನವಾಗುವ ಸಮಾಹಾರ ದ್ವಂದ್ವ. ಫ್ರಾಂಕ್ ಕಂಡದ್ದು ಕಳ್ಳನನ್ನೂ ಅಲ್ಲ, ಒಡೆಯನನ್ನೂ ಅಲ್ಲ. ಎರಡು ಜೀವ ಸೇರಿ ಆದ ಒಂದು ಅಂಗವನ್ನು. ಅವನ ವಾದವನ್ನು ಲೋಕ ಒಪ್ಪಲು ದಶಕಗಳೇ ಹಿಡಿದವು. ಅಷ್ಟು ಕಾಲವೂ ಆ ಪದ ಅದನ್ನು ತನ್ನೊಳಗೆ ಕಾಯ್ದುಕೊಂಡಿತ್ತು.