ಬಂಡೆಯ ಪಿಕಳಾರ, ಕೆರೆಯ ಸೀಗಡಿ

ದೇವನಹಳ್ಳಿ ದಾಟಿ ನಂದಿ ಬೆಟ್ಟ ಹತ್ತುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಸೂರ್ಯೋದಯ. ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ಕೆಲವರು ಮಾತ್ರ ಹಳದಿ ಕೊರಳಿನ ಪಿಕಳಾರವನ್ನು ಹುಡುಕುತ್ತಾರೆ. ತಲೆ, ಕೊರಳು ಹಳದಿ, ಬೆನ್ನು ಹಸಿರು ಬೆರೆತ ಬೂದು, ಬಾಲದ ತುದಿಗೂ ಒಂದಿಷ್ಟು ಹಳದಿ, ಜುಟ್ಟಿಲ್ಲ. ಬಂಡೆ ಸಂದಿಯಲ್ಲಿ ಬೇರುಬಿಟ್ಟ ಗೋಣಿಯಂಥ ಮರ ಹಣ್ಣಾದಾಗ ಬರುತ್ತದೆ, ಸರಿಯಾಗಿ ನೋಡುವಷ್ಟರಲ್ಲಿ ಪೊದೆ ಸೇರಿರುತ್ತದೆ. ನಮ್ಮ ಹಿತ್ತಲಿಗೆ ಬರುವ ಪಿಕಳಾರದ ಸಲಿಗೆ ಇದಕ್ಕಿಲ್ಲ.

1845ರಲ್ಲಿ ಜೆರ್ಡನ್ ವಿಜ್ಞಾನಕ್ಕೆ ಪರಿಚಯಿಸಿದ ಈ ಹಕ್ಕಿ ದಕ್ಷಿಣ ಭಾರತದ ಕಲ್ಲುಗುಡ್ಡಗಳ ಕುರುಚಲು ಕಾಡು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಆ ಗುಡ್ಡಗಳೋ, ಜಲ್ಲಿ ಕ್ರಷರ್‌ಗಳ ಕಣ್ಣು ಬಿದ್ದ ಜಾಗ. ಐಯುಸಿಎನ್ ಕೆಂಪು ಪಟ್ಟಿ ಇದನ್ನು ಅಪಾಯದಂಚಿನ ‘ವಲ್ನರಬಲ್’ ವರ್ಗದಲ್ಲಿಟ್ಟಿದೆ.

ಸಿಹಿನೀರಿನ ದೊಡ್ಡ ಸೀಗಡಿಗೆ ಅದೇ ಪಟ್ಟಿ ಕೊಟ್ಟಿರುವುದು ‘ಲೀಸ್ಟ್ ಕನ್ಸರ್ನ್’, ಚಿಂತೆಯಿಲ್ಲ ಅಂತ. 1879ರಲ್ಲಿ ಡೆ ಮಾನ್ ಹೆಸರಿಟ್ಟ ಮ್ಯಾಕ್ರೊಬ್ರಾಕಿಯಂ ರೋಸೆನ್‌ಬರ್ಗೀ ಇದು. ಮೀನಂಗಡಿಯಲ್ಲಿ ಮೀನಿನ ಪಕ್ಕದಲ್ಲೇ ಗುಡ್ಡೆ ಹಾಕಿದರೂ ಮೀನಿಗೆ ಹತ್ತಿರದ ನೆಂಟ ಪಿಕಳಾರವೇ. ಇಬ್ಬರಿಗೂ ಬೆನ್ನುಮೂಳೆ ಇದೆ. ಸೀಗಡಿ ಸಂಧಿಪದಿಗಳ ವಂಶದ್ದು, ಏಡಿಯ ಹಾಗೆ ದಶಪಾದಿ, ಜಿರಳೆಗೂ ದೂರದ ಸಂಬಂಧಿ. ಬಲಿತ ಗಂಡಿನ ಎರಡನೇ ಜೋಡಿ ಕಾಲು ನೀಲಿ ಕೊಂಡಿಯಾಗಿ ಮೈಯುದ್ದವನ್ನೂ ಮೀರಿ ಚಾಚಿರುತ್ತದೆ.

ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ನದಿಗಳಲ್ಲೆಲ್ಲ ಹರಡಿರುವುದರಿಂದ ಆ ‘ಚಿಂತೆಯಿಲ್ಲ’ ಜಗತ್ತಿನ ಮಟ್ಟಿಗೆ ಸರಿ. ದೊಡ್ಡಬಳ್ಳಾಪುರದ ಕೆರೆಯ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ. ನಂದಿಯಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ, ಹೆಸರಘಟ್ಟ ಹಾದು ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಕೆಳಗೆ ಹೊಗೆನಕಲ್ ಜಲಪಾತ, ಇನ್ನೂ ಕೆಳಗೆ 1934ರ ಮೆಟ್ಟೂರು ಅಣೆಕಟ್ಟು. ಸಮುದ್ರದಂಚಿನಿಂದ ಹೊರಟ ಸೀಗಡಿ ಇವನ್ನೆಲ್ಲ ಹತ್ತಿ ನಮ್ಮ ಕೆರೆಗೆ ಬರುವುದುಂಟೆ?

ಬರಬೇಕಾದರೆ ಹ್ಯಾಚರಿಯ ಮರಿಯಾಗಿ, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬರಬೇಕು. ಕೆರೆಗೆ ಬಿಟ್ಟರೆ ಚೆನ್ನಾಗಿಯೇ ಬೆಳೆಯುತ್ತದೆ. ಹೆಣ್ಣು ಹೊಟ್ಟೆಯಡಿಯಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಹೊತ್ತು ತಿರುಗುತ್ತದೆ. ಮೊಟ್ಟೆ ಒಡೆಯುವ ಹೊತ್ತಿಗೆ ಅವು ಬೂದು ಬಣ್ಣಕ್ಕೆ ತಿರುಗಿರುತ್ತವೆ. ಆದರೆ ಹೊರಬಂದ ಲಾರ್ವಾಗಳು ಬದುಕಲು ಉಪ್ಪು ಬೆರೆತ ಅಳಿವೆಯ ನೀರೇ ಬೇಕು, ಕೆರೆಯ ಸಿಹಿನೀರಿನಲ್ಲಿ ಕೆಲವೇ ದಿನಗಳಲ್ಲಿ ಸಾಯುತ್ತವೆ. ಹಾಗಾಗಿ ಮುಂದಿನ ಬೆಳೆಗೆ ಸಾಕಣೆದಾರರು ಮತ್ತೆ ಹ್ಯಾಚರಿಯ ಮರಿಯನ್ನೇ ಕೊಳ್ಳಬೇಕು.